ಕುರಿ ಕಾಯುವಾಕೆಯ ಆರು ನಿಮಿಷ

ಸೊಲ್ಲಾಪುರದ ನಮ್ಮ ಆಸ್ಪತ್ರೆಗೆ ಬೆನ್ನಿನ ಆಪರೇಷನ್ನಿಗೆಂದು ಬರುವವರೆಲ್ಲ ಮೊದಲು ನನ್ನ ಕೋಣೆಗೆ ಬರಬೇಕು. ನಾನು ಅಲ್ಲಿ ಫಿಜಿಯೋಥೆರಪಿಸ್ಟ್. ಬಂದವರಿಂದ ಮೂರು ಕೆಲಸ ಮಾಡಿಸುತ್ತೇನೆ. ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂಡಬೇಕು. ಆಮೇಲೆ ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂಡಬೇಕು. ಕೊನೆಗೆ ಕಾರಿಡಾರಿನಲ್ಲಿ ಆರು ನಿಮಿಷ ಹೋಗುತ್ತ ಬರುತ್ತ ನಡೆಯಬೇಕು. ಅಲ್ಲಿ ನೆಲಕ್ಕೆ ಮೀಟರಿಗೊಂದರಂತೆ ಹಳದಿ ಪಟ್ಟಿ ಅಂಟಿಸಿದ್ದೇವೆ. ನಾನು ಸ್ಟಾಪ್‌ವಾಚ್ ಹಿಡಿದು ಜೊತೆಗೆ ಒಂದು ಹೆಜ್ಜೆ ಹಿಂದೆ ನಡೆಯುತ್ತೇನೆ, ಎಷ್ಟು ದೂರವಾಯಿತು, ಎಲ್ಲಿ ನಿಂತರು ಎಂದು ಬರೆದುಕೊಳ್ಳುತ್ತೇನೆ. ಆಪರೇಷನ್ನಿಗೆ ಮೊದಲು ಒಮ್ಮೆ, ಆಮೇಲೆ ಆರು ವಾರವಾದಾಗ, ಮೂರು ತಿಂಗಳಾದಾಗ, ವರ್ಷವಾದಾಗ ಒಂದೊಂದು ಸಲ.

ಈ ಪದ್ಧತಿ ಶುರು ಮಾಡಿದವರು ನಮ್ಮ ದೊಡ್ಡ ಡಾಕ್ಟರು. ಅದಕ್ಕೂ ಮುಂಚೆ ಒಂದು ಪ್ರಶ್ನೆಪತ್ರಿಕೆ ಮಾತ್ರ ಇತ್ತು. ನೋವು ಎಷ್ಟು, ನಿದ್ದೆ ಹೇಗೆ, ಎಷ್ಟು ಹೊತ್ತು ಕೂಡಬಲ್ಲಿರಿ ಎಂದು ಮರಾಠಿಯಲ್ಲಿ ಕೇಳುವುದು, ಅವರು ಹೇಳಿದ ಉತ್ತರಕ್ಕೆ ಗುರುತು ಹಾಕುವುದು. ಅಕ್ಕಲಕೋಟ ನನ್ನ ತವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹಾಗಾಗಿ ಕನ್ನಡದ ರೋಗಿಗಳು ಬಂದರೆ ಪತ್ರಿಕೆ ಓದಿ ಹೇಳುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಡಾಕ್ಟರು ಸ್ಟಾಪ್‌ವಾಚ್ ತಂದುಕೊಟ್ಟಾಗ ನನ್ನ ಮನಸ್ಸಿಗೆ ಬರಲಿಲ್ಲ. ಹೆಜ್ಜೆಯಿಡಲಾರದೆ ಬಂದ ಮನುಷ್ಯನ ಹಿಂದೆ ಗಡಿಯಾರ ಹಿಡಿದು ಓಡಾಡುವುದು ಎಂಥ ಉಪಚಾರ ಎನಿಸಿತು. ಅವರು ಬಾಯಲ್ಲಿ ಹೇಳಿದ್ದನ್ನು ನಾವು ನಂಬುವುದಿಲ್ಲ ಎಂದು ಮುಖದ ಮೇಲೇ ಹೇಳಿದ ಹಾಗಲ್ಲವೇ? ಡಾಕ್ಟರಿಗೆ ಹಾಗೆಂದೇ ಹೇಳಿದೆ. ಅವರು ವಾದ ಮಾಡಲಿಲ್ಲ. "ಒಂದು ವರ್ಷ ಮಾಡಿ ನೋಡಿ, ಆಮೇಲೂ ಹಾಗೆ ಅನಿಸಿದರೆ ಬಿಡೋಣ" ಎಂದರು.

ಆ ವರ್ಷ ಮುಗಿಯುವ ಮೊದಲೇ ಅಕ್ಕಲಕೋಟದ ಹತ್ತಿರದ ಚಪಳಗಾಂವ ಕಡೆಯಿಂದ ಒಬ್ಬ ಹೆಂಗಸು ಬಂದಳು.

ವಯಸ್ಸು ಅರವತ್ತರ ಹತ್ತಿರ. ಹಣೆಯ ತುಂಬ ಬೀರೋಬಾ ದೇವರ ಅರಿಸಿನ ಭಂಡಾರ, ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ, ಬಿಸಿಲಿಗೆ ಬೆಂದು ತಾಮ್ರದ ಬಣ್ಣಕ್ಕೆ ತಿರುಗಿದ ಮುಖ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಗಿನಿಂದ ನಲವತ್ತು ಚಿಲ್ಲರೆ ಕುರಿಗಳ ಹಿಂಡನ್ನು ತಾನೊಬ್ಬಳೇ ಮೇಯಿಸಿಕೊಂಡು ಬಂದಿದ್ದಳು. ಮಗ ಟೆಂಪೊ ಓಡಿಸುತ್ತಿದ್ದ. ಆ ದಿನ ಆಕೆಯನ್ನು ಕರೆದುಕೊಂಡು ಬಂದವಳು ಸೊಸೆ. ಅತ್ತೆ ಒಮ್ಮೆ ಅಂಗಳದಲ್ಲಿ ಎಡವಿ ಬಿದ್ದದ್ದಕ್ಕೆ ಸೊಸೆಯೇ ಹಟ ಹಿಡಿದು ಸ್ಕ್ಯಾನ್ ಮಾಡಿಸಿ ಕರೆತಂದಿದ್ದಳಂತೆ.

ನಾನು ಪತ್ರಿಕೆ ತೆಗೆದು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ.

"ಆಯಿ, ಬೆನ್ನಾಗ ನೋವು ಎಷ್ಟು ಅದ?"

"ಏನೂ ಇಲ್ಲ."

"ಕಾಲು ಜೋಮು ಹಿಡೀತಾವೇನು?"

"ಇಲ್ಲ ಬಿಡು."

"ಕುರ್ಚಿ ಮ್ಯಾಲ ಎಷ್ಟೊತ್ತು ಕೂಡಾಕ ಆಗ್ತದ?"

"ನಮ್ಮ ಮನ್ಯಾಗ ಕುರ್ಚಿ ಇಲ್ಲವ್ವ."

ಸೊಸೆ ನೆಲ ನೋಡುತ್ತ ನಿಂತಿದ್ದಳು. ಪತ್ರಿಕೆಯ ಪ್ರಕಾರ ಈ ಹೆಂಗಸಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಸ್ಕ್ಯಾನಿನಲ್ಲಿ ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಯೊಳಗೆ ನರಗಳು ಹಾದುಹೋಗುವ ದಾರಿ ಎರಡು ಕಡೆ ಬಹಳ ಕಿರಿದಾಗಿತ್ತು. ಬರೀ ಚಿತ್ರ ನೋಡಿ ಡಾಕ್ಟರು ಯಾರ ಬೆನ್ನಿಗೂ ಕೈ ಹಚ್ಚುವವರಲ್ಲ. ರೋಗಿಗೆ ತೊಂದರೆಯೇ ಇಲ್ಲವೆಂದರೆ ಮನೆಗೆ ಕಳಿಸುತ್ತಾರೆ. ಅಂದು ಆಕೆಗೆ ಬೇಕಾಗಿದ್ದದ್ದೂ ಅದೇ.

ಕುರ್ಚಿಯಿಂದ ಐದು ಸಲ ಏಳುವುದಕ್ಕೆ ಹದಿನೇಳು ಸೆಕೆಂಡು ತೆಗೆದುಕೊಂಡಳು. ಕುರ್ಚಿಯ ರೂಢಿಯಿಲ್ಲದವರಿಗೆ ಅಷ್ಟು ಆಗುತ್ತದೆ ಎಂದುಕೊಂಡೆ. ಆಮೇಲೆ ಕಾರಿಡಾರಿಗೆ ಬಂದೆವು. ಆಕೆ ನಡೆದ ರೀತಿ ನೋಡಿ ನನಗೆ ಆಶ್ಚರ್ಯವಾಯಿತು. ಕುರಿಯ ಹಿಂದೆ ನಡೆದ ಕಾಲು, ಎಷ್ಟು ಬೀಸು ಎಂದರೆ ನಾನು ಹಿಂದೆ ಬೀಳುತ್ತಿದ್ದೆ. ಹಾಗೆ ನಾಲ್ಕು ಸುತ್ತು ಹೋದವಳು ಒಮ್ಮೆಲೇ ನಿಂತು, ಬಗ್ಗಿ ಚಪ್ಪಲಿಯ ಬಾರು ಸರಿ ಮಾಡಿಕೊಂಡಳು. ಅರ್ಧ ನಿಮಿಷವಾದ ಮೇಲೆ ಎದ್ದು ಮತ್ತೆ ಅದೇ ಬೀಸಿನಲ್ಲಿ ನಡೆದಳು. ಇನ್ನೊಂದಷ್ಟು ದೂರ ಹೋಗಿ, ತಾಯಿಯ ಪಕ್ಕ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು "ಯಾವ ಊರವ್ವ ನಿಮ್ದು?" ಎಂದು ಕೇಳಿದಳು. ಮೂರನೆಯ ಸಲ ಕಿಟಕಿಯ ಕಟ್ಟೆಯ ಮೇಲೆ ಎರಡೂ ಮೊಣಕೈ ಊರಿ ರಸ್ತೆ ನೋಡುತ್ತ ನಿಂತಳು. ಆರು ನಿಮಿಷವಾಯಿತು.

ನಾನು ಕೋಣೆಗೆ ಬಂದು ಬರೆದುಕೊಂಡದ್ದನ್ನು ನೋಡಿದೆ. ಚಪ್ಪಲಿ, ಮಗು, ಕಿಟಕಿ. ಮೂರೂ ನಿಲುಗಡೆಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ. ಮೂರು ಸಲವೂ ಮೈ ಮುಂದಕ್ಕೆ ಬಾಗಿತ್ತು. ಕಿರಿದಾದ ದಾರಿಯಲ್ಲಿ ನರ ಹಿಸುಕಿದಾಗ ಮುಂದಕ್ಕೆ ಬಾಗಿದರೆ ಜಾಗ ಸ್ವಲ್ಪ ಅಗಲವಾಗುತ್ತದೆ, ಕಾಲಿಗೆ ಜೀವ ಬರುತ್ತದೆ. ಪುಸ್ತಕದಲ್ಲಿ ಓದಿದ್ದೆ. ಅದನ್ನು ಇಷ್ಟು ಚೆಂದಾಗಿ ಮುಚ್ಚಿಡಬಹುದು ಎಂದು ಗೊತ್ತಿರಲಿಲ್ಲ.

ಸೊಸೆಯನ್ನು ಚಹಾ ತರಲು ಕಳಿಸಿ ಬಾಗಿಲು ಮುಂದೆ ಮಾಡಿದೆ.

"ಆಯಿ, ನೀವು ಮೂರು ಸಲ ನಿಂತ್ರಿ."

"ಚಪ್ಪಲಿ ಬಾರು ಸಡ್ಲ ಆಗಿತ್ತು."

"ಬಾರು ಸಡ್ಲ ಆದದ್ದು, ಕೂಸು ಕಂಡದ್ದು, ರಸ್ತಾ ನೋಡಿದ್ದು, ಎಲ್ಲಾ ಅಷ್ಟಷ್ಟೇ ದೂರಕ್ಕ ಆಗ್ಯಾವ. ಇಲ್ಲಿ ನೋಡ್ರಿ."

ಕಾಗದವನ್ನು ಆಕೆಯ ಮುಂದೆ ಇಟ್ಟೆ. ಓದಲು ಬರದಿದ್ದರೂ ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು.

"ಎರಡು ವರ್ಷ ಆತು, ಮನ್ಯಾಗ ಒಬ್ಬರಿಗೂ ಗುರ್ತ ಹತ್ತಗೊಟ್ಟಿಲ್ಲ. ನಿನ್ನ ಗಡಿಯಾಳ ಚಾಡಿ ಹೇಳಿಬಿಡ್ತು ನೋಡು."

ಅಲ್ಲಿಂದ ಮುಂದೆ ಆಕೆಯೇ ಹೇಳಿದಳು. ಎರಡು ವರ್ಷಗಳಿಂದ ಕುರಿ ಹಿಂದೆ ಹೋಗುವಾಗ ಸ್ವಲ್ಪ ದೂರಕ್ಕೆ ಕಾಲು ಕಲ್ಲಾಗುತ್ತಿದ್ದವು. ಜಾಲಿ ಗಿಡದ ಹತ್ತಿರ ಕೂಡುವುದು, ಕಾಲಿಗೆ ಜೀವ ಬಂದ ಮೇಲೆ ಬೋರಿ ಗಿಡದ ತನಕ ನಡೆಯುವುದು, ಅಲ್ಲಿ ಮತ್ತೆ ಕೂಡುವುದು. ಹಿಂಡನ್ನೇ ಆಕೆ ತನ್ನ ಕಾಲಿನ ಲೆಕ್ಕಕ್ಕೆ ಪಳಗಿಸಿದ್ದಳು. ಆಕೆ ಕೂತ ಕೂಡಲೇ ಕುರಿಗಳೂ ನಿಂತು ಮೇಯುತ್ತಿದ್ದವು. ಬಲಗಾಲಿನ ಹೆಬ್ಬೆರಳು ಏಳುವುದಿಲ್ಲ, ಚಪ್ಪಲಿ ಜಾರಿ ಬೀಳುತ್ತದೆ ಎಂದು ಅದಕ್ಕೆ ಹಿಂದೆ ಒಂದು ಬಾರು ಹೊಲಿಸಿಕೊಂಡಿದ್ದಳು.

"ಯಾಕ ಹೇಳಲಿಲ್ಲ, ಆಯಿ?"

"ಹೇಳಿದ್ರ ಕುರಿ ಮಾರ್ತಾರ. ಮಗ ಮೊದ್ಲೇ ಅಂತಾನ, ಸಾಕು ಮಾಡು ಯವ್ವಾ, ಮನ್ಯಾಗ ಆರಾಮ ಕೂಡು ಅಂತ. ಅಂವಾ ಕೆಟ್ಟಾಂವ ಅಲ್ಲ, ಮಾಯಾದಿಂದನ ಅಂತಾನ. ಆದ್ರ ಮನ್ಯಾಗ ಕುಂತು ನಾ ಏನ ಮಾಡ್ಲಿ? ಈ ಮಾತು ಡಾಕ್ಟರ್ ಮುಂದ ಹೇಳಬ್ಯಾಡ ತಂಗಿ."

ಹೇಳದೆ ಇರಲು ಬರುವುದಿಲ್ಲ ಎಂದೆ. ಗಡಿಯಾರ ಕಂಡದ್ದನ್ನು ಬರೆಯುವುದು ನನ್ನ ಕೆಲಸ, ಕುರಿಯ ಮಾತು ನಿಮ್ಮದು, ಅದನ್ನು ನೀವೇ ಹೇಳಬೇಕು ಎಂದೆ. ಸೊಸೆ ತಂದ ಚಹಾವನ್ನು ಆಕೆ ಕುಡಿದು ಮುಗಿಸಿ, ಕಪ್ಪುಬಸಿ ಕೆಳಗಿಟ್ಟು "ನಡಿ, ಎಲ್ಲಿ ಅದಾನ ನಿಮ್ಮ ಡಾಕ್ಟರ್" ಎಂದಳು.

ಡಾಕ್ಟರಿಗೆ ಕನ್ನಡ ಅಷ್ಟಕ್ಕಷ್ಟೆ. ನಾನು ನಡುವೆ ಕೂತು ಅತ್ತ ಇತ್ತ ಮಾತು ದಾಟಿಸಿದೆ. ಅವರು ನನ್ನ ಕಾಗದ ನೋಡಿ, ಕಾಲಿನ ಬಲ ಪರೀಕ್ಷಿಸಿ, ಸ್ಕ್ಯಾನನ್ನು ಮತ್ತೊಮ್ಮೆ ನೋಡಿದರು. ನೋವಿನ ಬಗ್ಗೆ ಕೇಳಲೇ ಇಲ್ಲ. "ಅಜ್ಜಿಗೆ ಎಷ್ಟು ದೂರ ನಡೆಯಬೇಕಾಗಿದೆ, ಕೇಳಿ" ಎಂದರು.

ಆಕೆ ತಡಮಾಡದೆ ಹೇಳಿದಳು. "ಕುರಿ ದಡ್ಡಿಯಿಂದ ಹಳ್ಳದ ತನಕ. ನಡುವ ಕೂಡಬಾರದು. ದಾರಿ ಬಾಜೂಕ ಮಂದೀ ಹೊಲ, ನಾ ಕುಂತ್ರ ಕುರಿ ಅಲ್ಲೇ ನಿಂತು ಅವರ ಜೋಳ ಮೇಯ್ತಾವ. ಅಷ್ಟಾದ್ರ ಸಾಕು."

ಸೊಸೆ ಅದು ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಎಂದಳು. ಡಾಕ್ಟರು ಅದನ್ನು ಕಾಗದದ ಮೇಲ್ತುದಿಯಲ್ಲಿ ಬರೆದುಕೊಂಡರು. ನರದ ದಾರಿ ಬಿಡಿಸಬಹುದು, ನಡಿಗೆ ಬಹುತೇಕ ಸುಧಾರಿಸುತ್ತದೆ, ಆದರೆ ಹೆಬ್ಬೆರಳು ಮತ್ತೆ ಏಳುತ್ತದೆ ಎಂದು ಮಾತು ಕೊಡಲಾರೆ ಎಂದರು. ಇರುವ ಅಪಾಯಗಳನ್ನೂ ಒಂದೂ ಬಿಡದೆ ಹೇಳಿದರು. ಆಕೆ ಎಲ್ಲ ಕೇಳಿಸಿಕೊಂಡು ಕುರಿ ವಿಷಯವನ್ನು ಎತ್ತಿದಳು. ಮಾರುವುದಿಲ್ಲ ಎಂದು ಮಗ ಮಾತು ಕೊಟ್ಟರೆ ಮಾತ್ರ ಟೇಬಲ್ಲಿನ ಮೇಲೆ ಮಲಗುತ್ತೇನೆ ಎಂದಳು. ಸೊಸೆ ಅಲ್ಲಿಂದಲೇ ಗಂಡನಿಗೆ ಫೋನು ಹಚ್ಚಿದಳು. ಟೆಂಪೊ ಪಕ್ಕಕ್ಕೆ ನಿಲ್ಲಿಸಿ ಅವನು ಮಾತಾಡಿದ. ಫೋನಿನ ಸ್ಪೀಕರಿನಲ್ಲಿ ನಮಗೂ ಕೇಳಿಸಿತು. "ಯವ್ವಾ, ಕಾಲು ಹೋಗ್ಯಾವ ಅಂತ ಒಂದ ಮಾತ ಹೇಳಬಾರದಿತ್ತೇನ? ಕುರಿ ಎಲ್ಲೂ ಹೋಗಂಗಿಲ್ಲ. ನೀ ಆರಾಮಾಗಿ ಬಾ."

ಆಪರೇಷನ್ ಆಯಿತು. ಮರುದಿನವೇ ಆಕೆಯನ್ನು ಎಬ್ಬಿಸಿ ನಿಲ್ಲಿಸಿದೆವು. ಮೂರನೆಯ ದಿನ ವಾರ್ಡಿನ ಬಾಗಿಲ ತನಕ ನಡೆದಳು. ಇಲ್ಲಿಯವರೆಗೆ ಎಲ್ಲ ಸರಳವಾಗಿತ್ತು.

ಆರು ವಾರಕ್ಕೆ ಬಂದಾಗ ಮುಖ ಬೆಳ್ಳಗಾಗಿತ್ತು, ಮೈ ಸ್ವಲ್ಪ ತುಂಬಿತ್ತು. ಕಾರಿಡಾರಿನಲ್ಲಿ ಮೊದಲಿಗಿಂತ ದೂರ ನಡೆದಳು, ಒಂದೇ ಸಲ ನಿಂತಳು. ಆದರೆ ಕುರ್ಚಿಯಿಂದ ಐದು ಸಲ ಏಳಲು ಇಪ್ಪತ್ತೊಂದು ಸೆಕೆಂಡು ಹಿಡಿಯಿತು. ಕೊನೆಯ ಎರಡು ಸಲ ತೊಡೆ ನಡುಗುತ್ತಿತ್ತು. ನಾನು ಗಡಿಯಾರ ನಿಲ್ಲಿಸಿ ಹಳೆಯ ಕಾಗದ ತೆಗೆದು ನೋಡಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಇಷ್ಟು ಧೈರ್ಯ ಮಾಡಿ ಬಂದವಳಿಗೆ ಹಿಂದೆ ಬಿದ್ದಿದ್ದೀರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಗಳಿಗೆ ಹದಿನೇಳು ಎಂದೇ ಬರೆದುಬಿಡೋಣ ಅನಿಸಿತು. ನಾಲ್ಕು ಸೆಕೆಂಡು, ಯಾರಿಗೂ ನಷ್ಟವಿಲ್ಲ.

"ಏನ ತಂಗಿ, ಮೊದಲಿಗಿಂತ ಹೆಚ್ಚು ಹೊತ್ತು ಹಿಡೀತೇನು?"

"ಹಂಗೇನಿಲ್ಲ ಆಯಿ, ಹೆಚ್ಚುಕಮ್ಮಿ ಅಷ್ಟ ಅದ."

ಆಕೆ ಕೈ ಚಾಚಿ ನನ್ನ ಮೊಣಕೈ ಹಿಡಿದಳು. "ಸುಳ್ಳು ನಾ ಎರಡು ವರ್ಷ ಹೇಳೀನಿ. ಹೆಂಗಿರ್ತದ ಅಂತ ನನಗ ಗೊತ್ತದ. ನೀ ಕಲೀಬ್ಯಾಡ. ಎಷ್ಟು ಬಂತು ಹೇಳು."

ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು. ಸಿಟ್ಟೂ ಇಲ್ಲ, ಕಣ್ಣೀರೂ ಇಲ್ಲ. ಹಾಗಾದರೆ ಯಾಕೆ ಹೀಗಾಯಿತು, ಅದನ್ನು ಹುಡುಕು ಎಂದಳು. ಆ ದಿನದವರೆಗೆ ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡ ರೋಗಿಯನ್ನು ನಾನು ಕಂಡಿರಲಿಲ್ಲ.

ಹುಡುಕುವುದು ಕಷ್ಟವಾಗಲಿಲ್ಲ. ಮನೆಯಲ್ಲಿ ದಿನ ಹೇಗೆ ಹೋಗುತ್ತದೆ ಎಂದು ಸೊಸೆಯನ್ನು ಕೇಳಿದೆ. ನೀರು ಹಾಸಿಗೆಗೇ ಬರುತ್ತಿತ್ತು, ರೊಟ್ಟಿ ಹಾಸಿಗೆಗೇ ಬರುತ್ತಿತ್ತು. ದಿನಕ್ಕೆರಡು ಸಲ ಅಂಗಳದಲ್ಲಿ ನಡೆಸುತ್ತಿದ್ದಳು, ಏಕೆಂದರೆ ನಾವು ಹಾಗೆ ಹೇಳಿ ಕಳಿಸಿದ್ದೆವು. ಆದರೆ ಕೂರುವಾಗ ಏಳುವಾಗ ಕಂಕುಳಕ್ಕೆ ಕೈ ಹಾಕಿ ತಾನೇ ಎತ್ತುತ್ತಿದ್ದಳು. ಆರು ವಾರ ತೊಡೆಗೆ ಕೆಲಸವೇ ಇರಲಿಲ್ಲ.

"ನೀವು ಇಷ್ಟು ಎತ್ತಬಾರದಿತ್ತು" ಎಂದೆ ಮೆಲ್ಲಗೆ.

ಸೊಸೆಯ ಕಣ್ಣು ತುಂಬಿಕೊಂಡವು. "ಎರಡು ವರ್ಷ ಅತ್ತಿ ಗ್ವಾಡಿ ಹಿಡ್ಕೊಂಡು ಅಡ್ಡಾಡೋದು ನನಗ ಗೊತ್ತಿತ್ತು ಮ್ಯಾಡಮ್. ಅವರು ಹೇಳಲಿಲ್ಲ ಅಂತ ನಾನೂ ಕೇಳಲಿಲ್ಲ. ಅದಕ್ಕ ಈಗರ ಕೈ ಬಿಡಬಾರದು ಅಂತ…"

ಅತ್ತೆ ಆಕೆಯ ಕಡೆ ತಿರುಗಿದಳು. ಸೊಸೆಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಎಂಬುದು ಆಕೆಗೆ ಅಂದೇ ತಿಳಿದದ್ದು. ಸೆರಗಿನಿಂದ ಸೊಸೆಯ ಮುಖ ಒರೆಸಿ, "ಅಳಬ್ಯಾಡ. ನಾಳಿಂದ ನಾನ ಏಳ್ತೀನಿ, ನೀ ನಿಂತು ಎಣಸು" ಎಂದಳು.

ಮನೆ ಮುಂದೆ ಕಲ್ಲಿನ ಕಟ್ಟೆಯಿದೆಯಂತೆ, ಕುರ್ಚಿಯಷ್ಟೇ ಎತ್ತರ. ಅದರ ಮೇಲೆ ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಎದ್ದು ಕೂಡಬೇಕು, ವಾರಕ್ಕೆ ಎರಡೆರಡು ಹೆಚ್ಚಿಸಬೇಕು ಎಂದು ಹೇಳಿ ಕಳಿಸಿದೆ.

ಮೂರು ತಿಂಗಳಿಗೆ ಆಕೆ ಬರಬೇಕಾದ ದಿನ ಬಂತು, ಆಕೆ ಬರಲಿಲ್ಲ. ಒಂದು ವಾರ ಕಾದೆ. ಕೊಟ್ಟಿದ್ದ ನಂಬರಿಗೆ ಫೋನು ಮಾಡಿದರೆ ಹತ್ತಲಿಲ್ಲ. ಏನೇನೋ ಯೋಚನೆ ಬಂದವು. ಆ ಭಾನುವಾರ ತವರಿಗೆ ಹೋಗುವುದಿತ್ತು. ಅಕ್ಕಲಕೋಟದಲ್ಲಿ ಊಟ ಮುಗಿಸಿ ಎಸ್ಟಿ ಬಸ್ಸು ಹತ್ತಿ ಅವರ ಊರಿಗೆ ಹೋದೆ.

ಮನೆಯ ಮುಂದೆ ಸೊಸೆ ಶೇಂಗಾ ಒಣಹಾಕುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು. "ಕುರಿ ಮರಿ ಹಾಕಾಕತ್ಯಾವ ಮ್ಯಾಡಮ್. ಇಂಥಾದ್ರಾಗ ಬಿಟ್ಟು ಬರಂಗಿಲ್ಲ ಅಂದ್ರು. ಫೋನ್ ನೀರಾಗ ಬಿದ್ದದ. ತಪ್ಪಾತು."

ತಪ್ಪೇನಿಲ್ಲ ಎಂದೆ. ಅವಳು ನನ್ನನ್ನು ಹೊಲದ ದಾರಿಯಲ್ಲಿ ಕರೆದುಕೊಂಡು ಹೋದಳು. ತೊಗರಿ ಸಾಲುಗಳ ಆಚೆ ಬಯಲಿನಲ್ಲಿ ಹಿಂಡು ಕಾಣಿಸಿತು. ಅದರ ಹಿಂದೆ ಆಕೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಾಲಿಗೆ ಚಪ್ಪಲಿಯ ಬದಲು ಹೊಸ ಕ್ಯಾನ್ವಾಸ್ ಬೂಟು. ನನ್ನನ್ನು ನೋಡಿ ಸ್ವಲ್ಪ ನಾಚಿಕೊಂಡಳು.

"ಬೈಯಾಕ ಬಂದಿ ಏನು?"

"ಅಳತಿ ತಗೊಳ್ಳಾಕ ಬಂದೀನಿ."

"ತಗೋ ಹಂಗಾದ್ರ."

ಕೋಲನ್ನು ಸೊಸೆಯ ಕೈಗೆ ಕೊಟ್ಟು ಮುಂದೆ ನಡೆದಳು. ನಾನು ಮೊಬೈಲಿನ ಗಡಿಯಾರ ಒತ್ತಿ ಹಿಂದೆ ಹೊರಟೆ. ಅಲ್ಲಿ ಹಳದಿ ಪಟ್ಟಿ ಇರಲಿಲ್ಲ. ಕಲ್ಲು, ಕೊರಕಲು, ಉಳುಮೆಯ ಹೆಂಟೆ. ಆಕೆ ದಡ್ಡಿಯ ಬೇಲಿಯಿಂದ ಶುರು ಮಾಡಿ ಹಳ್ಳದ ಕಡೆ ಇಳಿಜಾರಿನಲ್ಲಿ ನಡೆದಳು. ನಾಲ್ಕು ನಿಮಿಷಕ್ಕೆ ನನಗೇ ಏದುಸಿರು ಬಂತು. ಆಕೆಯ ಬಲಗಾಲು ಆಗಾಗ ಕಲ್ಲಿಗೆ ತಾಗಿ ಸದ್ದು ಮಾಡುತ್ತಿತ್ತು. ಐದು ನಿಮಿಷ ದಾಟಿದಾಗ ಆಕೆ ನಿಂತಳು.

"ಈಗ ಕಾಲು ಭಾರ ಆತು. ಬರಕೋ."

ಯಾವ ಗಿಡದ ಕಡೆಗೂ ನೋಡಲಿಲ್ಲ, ಯಾವ ನೆಪವನ್ನೂ ಹೇಳಲಿಲ್ಲ. ಕೋಲಿಲ್ಲದೆ ನೆಟ್ಟಗೆ ನಿಂತು, ಎಣಿಸಿದ ಹಾಗೆ ಹತ್ತು ಉಸಿರು ತೆಗೆದುಕೊಂಡು ಮತ್ತೆ ಹೊರಟಳು. ಆರು ನಿಮಿಷ ಮುಗಿದಾಗ ಹಳ್ಳ ಇನ್ನೂ ಸ್ವಲ್ಪ ದೂರವಿತ್ತು. ಗಡಿಯಾರ ನಿಂತಿತು ಎಂದೆ. ನಿಲ್ಲಲಿ ಎಂದು ಹೇಳಿ ಆಕೆ ಹಳ್ಳದ ತನಕ ಹೋಗಿಯೇ ನಿಂತಳು. ಅಲ್ಲಿ ಒಂದು ಬಂಡೆಯ ಮೇಲೆ ಕೂತು, ನಾನು ಕೇಳುವ ಮುಂಚೆಯೇ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂತು ತೋರಿಸಿದಳು. ಹದಿಮೂರು ಸೆಕೆಂಡು.

ಹಿಂದೆ ಬಂದ ಸೊಸೆ ಹಿಂಡು ತಂದು ನೀರಿಗೆ ಬಿಟ್ಟಳು. ಹಿಂಡು ಈಗ ಸೊಸೆಯ ಮಾತನ್ನೂ ಕೇಳುತ್ತಿತ್ತು. ಮೂವರೂ ಬಂಡೆಯ ಮೇಲೆ ಕೂತು ಕಡಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಆಕೆ ಹೊಸ ಮರಿಗಳಲ್ಲಿ ಯಾವುದು ಯಾವ ಕುರಿಯದು ಎಂದು ತೋರಿಸಿದಳು. ಹೆಬ್ಬೆರಳಿನ ವಿಷಯ ನಾನೇ ಎತ್ತಿದೆ. ಅದು ಎದ್ದಿರಲಿಲ್ಲ. ಬಹುಶಃ ಇನ್ನು ಏಳುವುದೂ ಇಲ್ಲ ಎಂದೆ. "ಡಾಕ್ಟರ್ ಮೊದ್ಲೇ ಹೇಳಿದ್ದ. ಬೂಟ ಅದಲ್ಲ" ಎಂದು ಕಾಲು ಮುಂದೆ ಚಾಚಿದಳು.

ಸೋಮವಾರ ಡಾಕ್ಟರಿಗೆ ಎಲ್ಲ ಹೇಳಿದೆ. ಹೊಲದ ಅಳತೆಯನ್ನು ಕಾರಿಡಾರಿನ ಅಳತೆಯ ಜೊತೆ ಸೇರಿಸಲು ಬರುವುದಿಲ್ಲ, ನೆಲವೇ ಬೇರೆ ಎಂದರು. ಅದು ಸರಿಯೇ. ಫೈಲಿನಲ್ಲಿ ಮೂರು ತಿಂಗಳ ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ "ಹಳ್ಳದ ತನಕ ನಡೆದರು" ಎಂದು ತಮ್ಮ ಕೈಯಿಂದಲೇ ಬರೆದರು. ಸ್ಟಾಪ್‌ವಾಚ್ ಬಿಡೋಣವೇ ಎಂದು ಅವರು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವರ್ಷದ ಅಳತೆಗೆ ಆಕೆ ತಪ್ಪದೆ ಬಂದಳು. ಆ ಸಲ ಮಗ ಜೊತೆಗಿದ್ದ. ಕಾರಿಡಾರಿನಲ್ಲಿ ಆರು ನಿಮಿಷವೂ ನಿಲ್ಲದೆ ನಡೆದಳು. ಮಗ ಗೋಡೆಗೆ ಒರಗಿ ನಿಂತು ಅಷ್ಟೂ ಹೊತ್ತು ಆಕೆಯ ಕಾಲನ್ನೇ ನೋಡುತ್ತಿದ್ದ. ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಬರುವ ಅಗತ್ಯವಿಲ್ಲ ಎಂದರು. ಏನಾದರೂ ಕೇಳುವುದಿದೆಯೇ ಎಂದಾಗ, ಎಷ್ಟು ತೂಕದ ಮರಿ ಎತ್ತಬಹುದು ಎಂದು ಕೇಳಿದಳು. ಡಾಕ್ಟರಿಗೆ ಕುರಿಮರಿಯ ತೂಕ ಗೊತ್ತಿರಲಿಲ್ಲ. ಆಕೆ ಎರಡೂ ಕೈ ಎದೆಗೆ ತಂದು ತೋರಿಸಿದಳು, ಇಷ್ಟು. ಅಷ್ಟಾದರೆ ಎತ್ತಿ, ಮೊಣಕಾಲು ಮಡಚಿ ಎತ್ತಿ ಎಂದು ಅವರೂ ಕೈಯಿಂದಲೇ ತೋರಿಸಿದರು.

ಮಗ ಟೆಂಪೊ ತರಲು ಮುಂದೆ ಹೋದ. ಆಕೆ ನಮಗೆ ಕೈ ಮುಗಿದು ಮೆಟ್ಟಿಲ ಕಡೆ ನಡೆದಳು. ಡಾಕ್ಟರು ಹೊರಗೆ ಬಂದು ನನ್ನ ಪಕ್ಕ ನಿಂತರು. ಒಳಗೆ ಇನ್ನೂ ಆರೇಳು ಜನ ಕಾಯುತ್ತಿದ್ದರು. ಆಕೆ ಪಕ್ಕದ ಕಂಬಿ ಹಿಡಿಯದೆ, ಬಲಗಾಲನ್ನು ಪ್ರತಿ ಮೆಟ್ಟಿಲಿಗೂ ಸ್ವಲ್ಪ ಎತ್ತರವಾಗಿ ಎತ್ತಿ ಇಡುತ್ತ, ಕೆಳಗಿನ ಬಾಗಿಲು ದಾಟುವ ತನಕ ಇಬ್ಬರೂ ನೋಡಿದೆವು. ಆಮೇಲೆ ಅವರು ಒಳಗೆ ಹೋಗಿ ಮುಂದಿನವರನ್ನು ಕರೆದರು.